ಕುಂಡದ ಮಣ್ಣಿನಲ್ಲಿ ದುಂಡುಹುಳುಗಳ ಪಾಠ

ಧಾರವಾಡದ ಒಂದು ಪಿಯು ಕಾಲೇಜಿನಲ್ಲಿ ನಾನು ಜೀವಶಾಸ್ತ್ರ ಕಲಿಸುತ್ತೇನೆ. ದುಂಡುಹುಳುಗಳ ಪಾಠ ಬಂತೆಂದರೆ ಲ್ಯಾಬಿನ ಕಪಾಟಿನಿಂದ ಫಾರ್ಮಲಿನ್ ಬಾಟಲಿ ಹೊರಗೆ ಬರುತ್ತದೆ. ಒಳಗೆ ಬಿಳಚಿಕೊಂಡ ಎರಡು ಆಸ್ಕರಿಸ್, ಅಂದರೆ ಮನುಷ್ಯರ ಕರುಳಿನಲ್ಲಿ ಬದುಕುವ ದುಂಡುಹುಳು. ಉದ್ದದ್ದು ಹೆಣ್ಣು, ಬಾಲ ಬಾಗಿದ್ದು ಗಂಡು. ಹುಡುಗರು ಮೂಗು ಮುಚ್ಚಿಕೊಂಡು ಚಿತ್ರ ಬರೆದುಕೊಂಡು ಹೋಗುತ್ತಾರೆ. ಪರೀಕ್ಷೆಗೆ ಅಷ್ಟು ಸಾಕು ಬಿಡಿ. ಆದರೆ ದುಂಡುಹುಳುವಿನ ಗುಣ ಗೊತ್ತಾಗುವುದು ಅದರ ಓಡಾಟದಲ್ಲಿ ಮತ್ತು ಬಾಯಲ್ಲಿ. ಬಾಟಲಿಯಲ್ಲಿ ಎರಡೂ ಕಾಣುವುದಿಲ್ಲ. ಅದಕ್ಕೇ ನಾನೀಗ ಜೀವಂತ ಹುಳು ತೋರಿಸಿದ ಮೇಲೆಯೇ ಪುಸ್ತಕ ತೆಗೆಸುತ್ತೇನೆ.

ಹುಳು ಹಿಡಿಯುವುದಕ್ಕೆ ಬೇಕಾದದ್ದು ಎಣ್ಣೆ ಸುರಿಯುವ ಪ್ಲಾಸ್ಟಿಕ್ ಫನಲ್, ಗೇಣುದ್ದ ರಬ್ಬರ್ ನಳಿಗೆ, ಒಂದು ಕ್ಲಿಪ್, ಚಹಾ ಸೋಸುವ ಜರಡಿ ಮತ್ತು ಟಿಶ್ಯೂ ಪೇಪರ್. ಫನಲ್ಲಿನ ಬುಡಕ್ಕೆ ನಳಿಗೆ ಸಿಕ್ಕಿಸಿ, ಕ್ಲಿಪ್ಪಿನಿಂದ ಬಿಗಿದು, ಸ್ಟ್ಯಾಂಡಿಗೆ ನಿಲ್ಲಿಸಿ. ಮೇಲೆ ಜರಡಿ, ಜರಡಿಯೊಳಗೆ ಟಿಶ್ಯೂ, ಅದರ ಮೇಲೆ ಒಂದು ಹಿಡಿ ಮಣ್ಣು, ತೆಳುವಾಗಿ. ಮಣ್ಣಿನ ತಳ ನೆನೆಯುವಷ್ಟು ನೀರು ತುಂಬಿ ರಾತ್ರಿಯಿಡೀ ಬಿಡಿ. ಹುಳುಗಳು ಒದ್ದೆ ಪೇಪರ್ ತೂರಿ ನೀರಿಗೆ ಇಳಿಯುತ್ತವೆ. ನೀರಿನಲ್ಲಿ ತೇಲಿ ನಿಲ್ಲುವುದು ಅವಕ್ಕೆ ಆಗುವುದಿಲ್ಲ, ಹಾಗಾಗಿ ನಳಿಗೆಯ ತಳಕ್ಕೆ ಹೋಗಿ ಸೇರುತ್ತವೆ. ಬೆಳಿಗ್ಗೆ ಕ್ಲಿಪ್ ಸಡಿಲಿಸಿ ಮೊದಲು ಬರುವ ಒಂದೆರಡು ಚಮಚ ನೀರು ಹಿಡಿದುಕೊಂಡರೆ ಮುಗಿಯಿತು. ಈ ಉಪಾಯ ಹೊಸದೇನಲ್ಲ. ಜಾವಾದಲ್ಲಿದ್ದ ಬೇರ್ಮನ್ ಎಂಬ ವೈದ್ಯರು ಮಣ್ಣಿನಲ್ಲಿ ಕೊಕ್ಕೆಹುಳುವಿನ ಮರಿ ಹುಡುಕುವುದಕ್ಕೆ ಇದನ್ನು 1917ರಲ್ಲಿ ಬರೆದಿಟ್ಟರು.

ಮಣ್ಣಿನ ವಿಷಯದಲ್ಲಿ ನಮ್ಮ ಕಡೆ ಸ್ವಲ್ಪ ನೋಡಿಕೊಂಡು ಮಾಡಬೇಕು. ಎರಿ ಮಣ್ಣು, ಅಂದರೆ ಕಪ್ಪು ಮಣ್ಣು, ನೀರು ಕಂಡರೆ ಉಬ್ಬುತ್ತದೆ, ಟಿಶ್ಯೂ ದಾಟಿ ಕೆಸರು ಇಳಿಯುತ್ತದೆ, ಸ್ಲೈಡಿನ ಮೇಲೆ ಬರೀ ಕಪ್ಪು. ಕೆಂಪನೆಯ ಮಸಾರಿ ಮಣ್ಣೇ ವಾಸಿ. ಅದರಲ್ಲೂ ಗೊಬ್ಬರ ಹಾಕಿದ ಹೂವಿನ ಕುಂಡದ್ದು ಸಿಕ್ಕರೆ ಬೇರೆ ಬೇಡ. ಬ್ಯಾಕ್ಟೀರಿಯಾ ಜಾಸ್ತಿ ಇದ್ದಲ್ಲಿ ಅದನ್ನು ತಿನ್ನುವ ಹುಳುವೂ ಜಾಸ್ತಿ. ಆಗಸ್ಟ್‌ನಲ್ಲಿ ಮಣ್ಣು ಹಸಿ ಇರುವಾಗ ಮಾಡುವುದು ಒಳ್ಳೆಯದು. ಪಾಯಿಖಾನೆಯ ಹಿತ್ತಿಲಿನ ಮಣ್ಣು ಮಾತ್ರ ಬೇಡವೇ ಬೇಡ. ಆಸ್ಕರಿಸ್ ಹೆಣ್ಣು ದಿನಕ್ಕೆ ಸುಮಾರು 2 ಲಕ್ಷ ಮೊಟ್ಟೆ ಇಡುತ್ತದೆ. ಅವು ಮಲದ ಜೊತೆ ಮಣ್ಣಿಗೆ ಬಿದ್ದು, ಎರಡು ಮೂರು ವಾರ ಅಲ್ಲೇ ಬಲಿತು, ಆಮೇಲೆ ಬಾಯಿಗೆ ಹೋದರೆ ರೋಗ ತರುತ್ತವೆ.

ಸೂಕ್ಷ್ಮದರ್ಶಕದಲ್ಲಿ ಮೊದಲು ಸಣ್ಣ ಪವರ್ ಇಡಿ. ಬೆಳಕು ಹೆಚ್ಚು ಕಡಿಮೆ ಮಾಡುವ ಕೆಳಗಿನ ಡಯಾಫ್ರಾಮ್ ಅರ್ಧಕ್ಕಿಂತ ಜಾಸ್ತಿ ಮುಚ್ಚಿ. ಬೆಳಕು ತುಂಬಾ ಇದ್ದರೆ ಹುಳು ಕಾಣುವುದೇ ಇಲ್ಲ, ಯಾಕೆಂದರೆ ಅದರ ಮೈ ಪಾರದರ್ಶಕ. ಬಹಳಷ್ಟು ಹುಳುಗಳು ಒಂದು ಮಿಲಿಮೀಟರ್ ಕೂಡ ಉದ್ದ ಇರುವುದಿಲ್ಲ. ಬೆಳಕು ಇಳಿಸಿದ ಕೂಡಲೇ ಬೆಂಚಿನಿಂದ ಬೆಂಚಿಗೆ ಗದ್ದಲ ಶುರುವಾಗುತ್ತದೆ.

"ಸರ್, ಇದು ಮುಂದ ಹೋಗವಲ್ದು. ಸುಮ್ನ ಒದ್ದಾಡಾಕತ್ತೈತಿ."

ನನಗೆ ಬೇಕಾದ ಮಾತು ಇದೇ. ಸ್ಲೈಡಿಗೆ ಒಂದು ಚಿಟಿಕೆ ಸಣ್ಣ ಮರಳು ಹಾಕಿಸುತ್ತೇನೆ. ಅಲ್ಲಿಯವರೆಗೆ ನೀರಿನಲ್ಲಿ ಬರೀ ಹೊಡೆದಾಡುತ್ತಿದ್ದ ಹುಳು ಮರಳಿನ ಕಾಳಿಗೆ ಮೈ ತಾಗಿಸಿ, ಅದನ್ನು ಒತ್ತಿಕೊಂಡು, ಬಳುಕುತ್ತಾ ಸರ್ರನೆ ಹೊರಟುಬಿಡುತ್ತದೆ. ಯಾಕೆ ಹೀಗೆ? ಎರೆಹುಳುವಿಗೆ ಎರಡು ಬಗೆಯ ಸ್ನಾಯು ಇವೆ, ಉದ್ದಕ್ಕೆ ಹೋಗುವವು ಮತ್ತು ಸುತ್ತಲೂ ಬಳಸಿದವು. ಅದು ಹಿಗ್ಗಿ ಕುಗ್ಗಿ ತೆವಳುತ್ತದೆ. ದುಂಡುಹುಳುವಿನ ಮೈಗೋಡೆಯಲ್ಲಿ ಇರುವುದು ಉದ್ದನೆಯ ಸ್ನಾಯು ಮಾತ್ರ. ಅದು ಹಿಗ್ಗಲಾರದು, ಬಾಗಬಲ್ಲದು ಅಷ್ಟೇ. ಅದೂ ಬೆನ್ನಿನ ಕಡೆ ಇಲ್ಲವೇ ಹೊಟ್ಟೆಯ ಕಡೆ. ಅದಕ್ಕೇ ಹುಳು ಯಾವಾಗಲೂ ಮಗ್ಗುಲಾಗಿ ಮಲಗಿರುತ್ತದೆ. ಸ್ಲೈಡಿನಲ್ಲಿ ನಮಗೆ ಕಾಣುವುದು ಅದರ ಪಕ್ಕೆ.

ಕರುಳಿಗೂ ಮೈಗೋಡೆಗೂ ನಡುವಿನ ಜಾಗಕ್ಕೆ ಹುಸಿಕುಹರ ಅನ್ನುತ್ತಾರೆ, ಅದರಲ್ಲಿ ದ್ರವ ಒತ್ತಿ ತುಂಬಿರುತ್ತದೆ, ಮೇಲೆ ಕ್ಯೂಟಿಕಲ್ ಎಂಬ ಗಟ್ಟಿ ಹೊರಪೊರೆ. ಗಾಳಿ ಬಿಗಿಯಾಗಿ ತುಂಬಿದ ಸೈಕಲ್ ಟ್ಯೂಬು ನೆನೆಸಿಕೊಳ್ಳಿ. ಅಡ್ಡ ಕೊಯ್ದರೆ ದುಂಡಗೆ ಕಾಣುವುದು ಇದರಿಂದಲೇ. ಒಳಗೆ ಅಷ್ಟು ಒತ್ತಡ ಇರುವಾಗ ಬಾಯಿ ತೆರೆದರೆ ಆಹಾರ ತಾನಾಗಿ ಒಳಗೆ ಹೋಗುವುದಿಲ್ಲ. ಗಂಟಲಿನ ಸ್ನಾಯು ಪಂಪಿನಂತೆ ಎಳೆಯಬೇಕು. ದೊಡ್ಡ ಪವರ್‌ನಲ್ಲಿ ಈ ಬಡಿತ ಕಾಣುತ್ತದೆ. ಹುಡುಗರು ಹೃದಯ ಅಂದುಕೊಳ್ಳುತ್ತಾರೆ. ದುಂಡುಹುಳುವಿಗೆ ಹೃದಯವೂ ಇಲ್ಲ, ರಕ್ತನಾಳವೂ ಇಲ್ಲ, ಉಸಿರಾಟದ ಅಂಗವೂ ಇಲ್ಲ. ಬಾಯಿಯಿಂದ ಗುದದವರೆಗೆ ಪೂರ್ತಿ ಕರುಳು ಮಾತ್ರ ಇದೆ.

ಫನಲ್ಲಿನಲ್ಲಿ ಬಂದದ್ದೆಲ್ಲಾ ದುಂಡುಹುಳು ಅಂತ ತಿಳಿಯಬೇಡಿ. ಮೈಯಲ್ಲಿ ಖಂಡ ಖಂಡವಾಗಿ ಗೆರೆ ಇದ್ದು ಸಣ್ಣ ಬಿರುಗೂದಲು ಕಂಡರೆ ಅದು ಎರೆಹುಳುವಿನ ಬಳಗದ್ದು. ತಲೆ ಬೇರೆಯಾಗಿ ಎದ್ದು ಕಂಡರೆ ಕೀಟದ ಮರಿ.

ಇನ್ನು ಬಾಯಿ. ಬಾಯಿ ಬರೀ ಕೊಳವೆಯಂತಿದ್ದರೆ ಬ್ಯಾಕ್ಟೀರಿಯಾ ತಿನ್ನುವ ಹುಳು. ಬಾಯೊಳಗೆ ಟೊಳ್ಳು ಸೂಜಿ ಇದ್ದು ಅದರ ಬುಡದಲ್ಲಿ ಗುಂಡುಗಳಿದ್ದರೆ ಸಾಮಾನ್ಯವಾಗಿ ಬೇರು ಚುಚ್ಚುವ ಜಾತಿ. ಅಗಲ ಬಾಯಲ್ಲಿ ದೊಡ್ಡ ಹಲ್ಲು ಕಂಡರೆ ಬೇರೆ ಹುಳುಗಳನ್ನೇ ತಿನ್ನುವ ಮೊನೊಂಕಸ್ ಇರಬಹುದು. ಅದು ಸಿಕ್ಕ ದಿನ ಕ್ಲಾಸು ಬೆಲ್ ಹೊಡೆದರೂ ಏಳುವುದಿಲ್ಲ.

ವರ್ಗೀಕರಣಕ್ಕೆ ಬರುವುದು ಇಷ್ಟೆಲ್ಲಾ ನೋಡಿದ ಮೇಲೆ. ಪಿಯು ಪುಸ್ತಕದಲ್ಲಿ ಇವು ಆಸ್ಕೆಲ್ಮಿಂತಿಸ್ ವಂಶ. ಪರೀಕ್ಷೆಯಲ್ಲಿ ಅದನ್ನೇ ಬರೆಯಿರಿ ಅನ್ನುತ್ತೇನೆ. ಆದರೆ ಈಗ ನೆಮಟೋಡ ಎಂಬುದೇ ಪ್ರತ್ಯೇಕ ವಂಶ. ಹಳೆಯ ಕ್ರಮದಲ್ಲಿ ಬಾಲದ ಹತ್ತಿರ ಫ್ಯಾಸ್ಮಿಡ್ ಎಂಬ ಸಣ್ಣ ಸಂವೇದನಾಂಗ ಇದೆಯೋ ಇಲ್ಲವೋ ನೋಡಿ ಎರಡು ಪಾಲು ಮಾಡುತ್ತಿದ್ದರು. ನಮ್ಮ ಲ್ಯಾಬಿನ ಲೆನ್ಸಿನಲ್ಲಿ ಅದನ್ನು ಹುಡುಕುವುದು ಕಣ್ಣಿಗೆ ಶಿಕ್ಷೆ. 2002ರ ನಂತರ ಹೆಚ್ಚಾಗಿ ಬಳಕೆಯಲ್ಲಿರುವುದು ಡಿಎನ್ಎ ನೋಡಿ ಮಾಡಿದ ಎರಡು ವರ್ಗ, ಎನೋಪ್ಲಿಯ ಮತ್ತು ಕ್ರೊಮಡೋರಿಯ. ಚಾಟಿಹುಳು, ಮೊನೊಂಕಸ್ ಮೊದಲನೆಯದರಲ್ಲಿ. ಆಸ್ಕರಿಸ್, ಕೊಕ್ಕೆಹುಳು, ಆನೆಕಾಲು ರೋಗದ ಹುಳು, ಬೇರುಗಂಟಿನ ಹುಳು ಎರಡನೆಯದರಲ್ಲಿ. ನಮ್ಮ ಅಜ್ಜಿಯರ ಕಾಲದ ನಾರುಹುಣ್ಣಿನ ಹುಳುವೂ ಅಲ್ಲೇ. ಮೆಟ್ಟಿಲು ಬಾವಿಯ ನೀರಿನಿಂದ ಬರುತ್ತಿದ್ದ ಆ ರೋಗ ಭಾರತದಲ್ಲಿ ಇಲ್ಲವಾಯಿತು ಅಂತ 2000ದಲ್ಲಿ ಘೋಷಣೆಯಾಯಿತು. ಪರಾವಲಂಬಿಗಳು ಎರಡೂ ವರ್ಗಗಳಲ್ಲಿ ಹಂಚಿಹೋಗಿರುವುದನ್ನು ನಾನು ಬೋರ್ಡಿನ ಮೇಲೆ ಬರೆದೇ ತೋರಿಸುತ್ತೇನೆ. ಅಂದರೆ ಬೇರೆಯವರ ಮೈಯಲ್ಲಿ ಬದುಕುವ ಚಾಳಿ ಇವುಗಳಲ್ಲಿ ಒಂದೇ ಸಲ ಹುಟ್ಟಿದ್ದಲ್ಲ.

ಹುಡುಗರು ನಂಬದ ಸಂಗತಿ ಇನ್ನೊಂದಿದೆ. ಆಸ್ಕರಿಸ್‌ಗೆ ಎರೆಹುಳುವಿಗಿಂತ ಜಿರಲೆ ಹತ್ತಿರದ ನೆಂಟ! ದುಂಡುಹುಳು ಬೆಳೆಯುವಾಗ ನಾಲ್ಕು ಸಲ ಪೊರೆ ಬಿಡುತ್ತದೆ, ಜಿರಲೆಯೂ ಪೊರೆ ಬಿಡುತ್ತದೆ. ಪೊರೆ ಬಿಡುವ ಪ್ರಾಣಿಗಳೆಲ್ಲಾ ಒಂದೇ ಕವಲು ಅಂತ 1997ರಲ್ಲಿ ಜೀನು ಹೋಲಿಸಿ ಹೇಳಿದರು.

ಆಗಸ್ಟ್ 10ರ ಸುಮಾರಿಗೆ ಕಾಲೇಜಿನಲ್ಲಿ ಹೊಟ್ಟೆಹುಳುವಿಗೆ ಅಲ್ಬೆಂಡಜೋಲ್ ಮಾತ್ರೆ ಕೊಡುತ್ತಾರೆ. ಪ್ರಾಕ್ಟಿಕಲ್ ಮುಗಿದಿದ್ದರೆ ಆ ದಿನ ಪ್ರಶ್ನೆಗಳು ತಾವಾಗಿಯೇ ಬರುತ್ತವೆ. "ಸರ್, ಕುಂಡದಾಗಿನ ಹುಳ ಹೊಟ್ಟ್ಯಾಗ ಹೋದ್ರ ಬೆಳೀತಾವೇನ್ರಿ?" ಬ್ಯಾಕ್ಟೀರಿಯಾ ತಿಂದು ಬದುಕುವ ಹುಳು ನಮ್ಮ ಕರುಳಿನಲ್ಲಿ ಬದುಕುವುದಿಲ್ಲ. ಆದರೂ ಕೈ ಸಾಬೂನು ಹಚ್ಚಿ ತೊಳೆಯಿರಿ, ಮಣ್ಣಿನಲ್ಲಿ ಬೇರೆ ಏನೇನಿದೆಯೋ.

ಹಳ್ಳಿಯಿಂದ ಬರುವ ಹುಡುಗರಿಗೆ ಬದನೆ ಇಲ್ಲವೇ ಮೆಣಸಿನ ಗಿಡದ ಗಂಟುಬೇರು ತರಲು ಹೇಳುತ್ತೇನೆ. ಬೇರನ್ನು ಮೆಲ್ಲಗೆ ತೊಳೆದು, ಗಂಟನ್ನು ಸೂಜಿಯಿಂದ ಬಿಡಿಸಿದರೆ ಒಂದು ಕಡೆ ಕುತ್ತಿಗೆ ಇರುವ, ಹೊಳೆಯುವ ಬಿಳಿ ಉಂಡೆ ಸಿಗುತ್ತದೆ. ಬೇರುಗಂಟಿನ ಹುಳುವಿನ ಹೆಣ್ಣು ಇದು. ಉದ್ದವೂ ಇಲ್ಲ, ಬಳುಕುವುದೂ ಇಲ್ಲ. ಇದು ಹೇಗೆ ದುಂಡುಹುಳು ಅಂತ ಕೇಳಿಯೇ ಕೇಳುತ್ತಾರೆ. ಕುತ್ತಿಗೆಯ ತುದಿಯಲ್ಲಿ ಸೂಜಿ ತೋರಿಸುತ್ತೇನೆ. ಉಳಿದ ಬೇರನ್ನು ತುಂಡು ಮಾಡಿ ಅದೇ ಜರಡಿಯಲ್ಲಿ ಇಟ್ಟರೆ ಕೆಲವು ದಿನಗಳಲ್ಲಿ ಮೊಟ್ಟೆಯೊಡೆದ ಮರಿಗಳು ನಳಿಗೆಗೆ ಇಳಿಯುತ್ತವೆ. ಅವು ತೆಳ್ಳಗೆ, ಬಳುಕುತ್ತಾ, ಪುಸ್ತಕದಲ್ಲಿ ಇದ್ದಂತೆಯೇ ಇರುತ್ತವೆ. ಹೊಲಕ್ಕೆ ಏನು ಹಾಕಬೇಕು ಅಂತ ಅಪ್ಪ ಕೇಳಿದ್ದಾರೆ ಅಂದರೆ ಔಷಧಿ ಹೆಸರು ನಾನು ಹೇಳುವುದಿಲ್ಲ. ಬೇರು ಮತ್ತು ಅದರ ಸುತ್ತಲಿನ ಹಸಿ ಮಣ್ಣು ಎರಡನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಬಿಸಿಲಿಗೆ ಇಡದೆ, ಇಲ್ಲೇ ಇರುವ ಕೃಷಿ ವಿಶ್ವವಿದ್ಯಾಲಯಕ್ಕೆ ಒಯ್ದು ಕೇಳಿ ಅನ್ನುತ್ತೇನೆ.