ಹೆಗಲಿಗೆ ಹಗುರ, ಆಟಕ್ಕೂ ಆದೀತು: ಕೆಲಸದ ಲ್ಯಾಪ್‌ಟಾಪ್ ಆರಿಸುವುದು ಹೇಗೆ?

ಉಡುಪಿಯಿಂದ ಮಂಗಳೂರಿಗೆ ಹೋಗುವ ಬೆಳಗಿನ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಸೀಟು ಸಿಗದೆ, ಕಂಡಕ್ಟರನ ‘ದುಂಬು ಪೋಲೆ’ಗೆ ಇಂಚಿಂಚೇ ಮುಂದೆ ಸರಿಯುತ್ತ, ಬೆನ್ನಿನ ಚೀಲವನ್ನು ಎದೆಗೆ ತಿರುಗಿಸಿಕೊಂಡು ಸುರತ್ಕಲ್‌ವರೆಗೆ ನಿಂತವರಿಗೆ ಲ್ಯಾಪ್‌ಟಾಪಿನ ತೂಕದ ಬಗ್ಗೆ ಬೇರೆ ಪಾಠ ಬೇಕಿಲ್ಲ. ನಾನೊಮ್ಮೆ ಆಟದ ಆಸೆಗೆ ಎರಡೂವರೆ ಕಿಲೋದ ಯಂತ್ರ ಕೊಂಡೆ. ಅದರ ಚಾರ್ಜರೋ, ಮುರಕಲ್ಲಿನ ತುಂಡು. ಮೂರನೆಯ ತಿಂಗಳಿಗೆ ಅದು ಮನೆಯ ಮೇಜು ಬಿಟ್ಟು ಕದಲಲಿಲ್ಲ. ಆಡುವುದು ವಾರಕ್ಕೆ ನಾಲ್ಕು ಗಂಟೆ, ಹೊರುವುದು ವಾರಕ್ಕೆ ಆರು ದಿನ ಎಂಬ ಲೆಕ್ಕವನ್ನು ನಾನು ಮೊದಲೇ ಹಾಕಿರಲಿಲ್ಲ.

ಮೊದಲು ಆಟಗಳ ಪಟ್ಟಿ

ಅಂಗಡಿಗೆ ಹೋಗುವ ಮುನ್ನ, ನಿಜವಾಗಿ ಆಡುವ ಆಟಗಳನ್ನು ಕಾಗದದ ಮೇಲೆ ಬರೆಯಿರಿ. ಆಡಬೇಕೆಂದು ಕನಸು ಕಾಣುವವು ಬೇಡ. ಮೈನ್‌ಕ್ರಾಫ್ಟ್, ವ್ಯಾಲೊರಂಟ್, ಹಳೆಯ ಜಿಟಿಎ 5 ಇಷ್ಟೇ ಆಗಿದ್ದರೆ ಆಟದ ಚಿತ್ರ ಮೂಡಿಸುವ ಪ್ರತ್ಯೇಕ ಗ್ರಾಫಿಕ್ಸ್ ಚಿಪ್ಪಿಗೆ ಹಣ ಸುರಿಯಬೇಕಿಲ್ಲ. ಪ್ರೊಸೆಸರಿನೊಳಗೇ ಸೇರಿರುವ ಗ್ರಾಫಿಕ್ಸ್ ಈಗ ಬಹಳ ಸುಧಾರಿಸಿದೆ. ಎಎಂಡಿಯ ರೇಡಿಯಾನ್ 780ಎಂ, 890ಎಂ ಅಥವಾ ಇಂಟೆಲ್‌ನ ಆರ್ಕ್ 140ವಿ ಇರುವ ಯಂತ್ರಗಳು ಸೆಟ್ಟಿಂಗ್ ಸ್ವಲ್ಪ ಇಳಿಸಿದರೆ ಇವನ್ನು ಸರಾಗವಾಗಿ ಓಡಿಸುತ್ತವೆ. ಇಂಥವು ಒಂದೂಕಾಲರಿಂದ ಒಂದೂವರೆ ಕಿಲೋದೊಳಗೇ ಸಿಗುತ್ತವೆ.

ಇಲ್ಲೊಂದು ಬಲೆ ಇದೆ. ಒಳಗಿನ ಗ್ರಾಫಿಕ್ಸ್‌ಗೆ ಸ್ವಂತ ಮೆಮೊರಿ ಇಲ್ಲ, ಅದು ರ್‍ಯಾಮ್‌ನಲ್ಲೇ ಪಾಲು ಕೇಳುತ್ತದೆ. ಹಾಗಾಗಿ 16 ಜಿಬಿಗಿಂತ ಕಡಿಮೆ ಬೇಡ. ಆ 16 ಜಿಬಿ ಒಂದೇ ಕಡ್ಡಿಯಲ್ಲಿದ್ದರೆ ಆಟದ ವೇಗ ಎದ್ದು ಕಾಣುವಷ್ಟು ಕುಸಿಯುತ್ತದೆ, ಎರಡು 8 ಜಿಬಿ ಇರಬೇಕು. ಇಂಟೆಲ್‌ನ ಮೊದಲ ಕೋರ್ ಅಲ್ಟ್ರಾ ಸರಣಿಯಲ್ಲಂತೂ ಎಚ್ ವರ್ಗದ (ಹೆಸರಿನ ಕೊನೆಗೆ ‘ಎಚ್’ ಇರುವ) ಪ್ರೊಸೆಸರ್, ಜೋಡಿ ಚಾನೆಲ್‌ನ (ಹೀಗೆ ಎರಡಾಗಿ ಕೆಲಸ ಮಾಡುವ) 16 ಜಿಬಿ ಎರಡೂ ಇದ್ದರೆ ಮಾತ್ರ ‘ಆರ್ಕ್’ ಎಂಬ ಹೆಸರು. ತೆಳು ಲ್ಯಾಪ್‌ಟಾಪ್‌ಗಳಲ್ಲಿ ರ್‍ಯಾಮನ್ನು ಬೋರ್ಡಿಗೇ ಬೆಸೆದಿರುವುದು ಸಾಮಾನ್ಯ. ಮುಂದೆ ಹಾಕಿಸಿಕೊಂಡರಾಯಿತು ಎಂಬ ಸಮಾಧಾನ ಅಲ್ಲಿ ನಡೆಯದು.

ಪ್ರತ್ಯೇಕ ಚಿಪ್ ಬೇಕೇ? ವ್ಯಾಟ್ ಕೇಳಿ

ಹೊಸ, ಭಾರೀ ಆಟಗಳೂ ಪಟ್ಟಿಯಲ್ಲಿದ್ದರೆ ಎನ್‌ವಿಡಿಯಾದ ಆರ್‌ಟಿಎಕ್ಸ್ 4050 ಅಥವಾ 5050ರಂಥ ಚಿಪ್ ಇರುವ 14 ಇಂಚಿನ ಯಂತ್ರ ನೋಡಿ. ಸ್ಟಿಕ್ಕರ್ ನೋಡಿ ಮಾತ್ರ ಮರುಳಾಗಬೇಡಿ. ಒಂದೇ 4050ಕ್ಕೆ ತಯಾರಕರು 35 ವ್ಯಾಟ್‌ನಿಂದ 115 ವ್ಯಾಟ್‌ವರೆಗೆ ಎಷ್ಟು ಬೇಕಾದರೂ ವಿದ್ಯುತ್ ಹರಿಸಬಹುದು. ಕಡಿಮೆ ವ್ಯಾಟ್‌ಗೆ ಕಟ್ಟಿಹಾಕಿದ ದುಬಾರಿ ಚಿಪ್, ಪೂರ್ತಿ ವ್ಯಾಟ್ ಸಿಗುವ ಅಗ್ಗದ ಚಿಪ್ಪಿಗೆ ಸೋತದ್ದುಂಟು. ಹೆಸರು ಕ್ಷೀರಸಾಗರ, ಮನೆಯಲ್ಲಿ ಮಜ್ಜಿಗೆಗೂ ಗತಿಯಿಲ್ಲ ಎಂದಂತೆ. ಪ್ರದರ್ಶನಕ್ಕಿಟ್ಟ ಯಂತ್ರದಲ್ಲಿ ಎನ್‌ವಿಡಿಯಾ ಕಂಟ್ರೋಲ್ ಪ್ಯಾನೆಲ್ ತೆರೆದು ಸಿಸ್ಟಂ ಮಾಹಿತಿಯಲ್ಲಿ ಗರಿಷ್ಠ ಗ್ರಾಫಿಕ್ಸ್ ಪವರ್ ಎಷ್ಟೆಂದು ನೋಡಿ. ತೆಳು ಯಂತ್ರಕ್ಕೆ 60–80 ವ್ಯಾಟ್ ಸಾಕು ಎನ್ನುವುದು ನನ್ನ ಅಭಿಪ್ರಾಯ. ಅದಕ್ಕಿಂತ ಮೇಲೆ ಹೋದರೆ ಫ್ಯಾನಿನ ಸದ್ದಿಗೆ ಪಕ್ಕದ ಕೋಣೆಯವರು ಎದ್ದುಬರುತ್ತಾರೆ.

ಚಾರ್ಜರ್ ಸಹಿತ ತೂಗಿ

ಜಾಹೀರಾತಿನ ತೂಕದಲ್ಲಿ ಚಾರ್ಜರ್ ಸೇರಿರುವುದಿಲ್ಲ. ಆಟದ ಲ್ಯಾಪ್‌ಟಾಪಿನ ಚಾರ್ಜರ್ ಒಂದೇ ಅರ್ಧ ಕಿಲೋ ಮೀರಬಹುದು. ಆದ್ದರಿಂದ ಟೈಪ್-ಸಿ ಕಿಂಡಿಯಲ್ಲೂ ಚಾರ್ಜ್ ಆಗುತ್ತದೆಯೇ ಎಂದು ಕೇಳಲೇಬೇಕು. ಆಗುತ್ತದೆ ಎಂದಾದರೆ ದಪ್ಪ ಚಾರ್ಜರನ್ನು ಮನೆಯಲ್ಲೇ ಬಿಟ್ಟು, ಮುಷ್ಟಿಯಲ್ಲಿ ಹಿಡಿಸುವ 65 ಅಥವಾ 100 ವ್ಯಾಟ್‌ನ ಚಾರ್ಜರ್ ಕಚೇರಿಗೆ ಒಯ್ಯಬಹುದು. ಎಕ್ಸೆಲ್, ಮೇಲ್, ವಿಡಿಯೊ ಮೀಟಿಂಗ್‌ಗೆ ಅದು ಧಾರಾಳ. ಆಟ ಹೇಗಿದ್ದರೂ ಮನೆಯಲ್ಲಿ, ದೊಡ್ಡ ಚಾರ್ಜರ್ ಸಿಕ್ಕಿಸಿಕೊಂಡೇ ಆಡಬೇಕು. ಬರೀ ಬ್ಯಾಟರಿಯಲ್ಲಿ ಪ್ರತ್ಯೇಕ ಚಿಪ್ ಪೂರ್ತಿ ಶಕ್ತಿ ತೋರಿಸುವುದಿಲ್ಲ. ಈ ಒಂದು ಕಿಂಡಿ ನನ್ನ ಹಳೆಯ ಯಂತ್ರಕ್ಕಿದ್ದಿದ್ದರೆ ಬಹುಶಃ ಈ ಲೇಖನವೇ ಹುಟ್ಟುತ್ತಿರಲಿಲ್ಲ.

ಪರದೆಯ ವಿಷಯದಲ್ಲಿ ಎರಡೇ ಮಾತು: ಬೆಳಕು 300 ನಿಟ್ಸ್‌ಗಿಂತ ಕಡಿಮೆ ಬೇಡ, ವಿವರಪಟ್ಟಿಯಲ್ಲಿ ‘45% ಎನ್‌ಟಿಎಸ್‌ಸಿ’ ಎಂದಿದ್ದರೆ ಬಣ್ಣ ಪೇಲವ ಎಂದು ತಿಳಿಯಿರಿ.

ಅಂಗಡಿಯಲ್ಲಿ

ಟಾಸ್ಕ್ ಮ್ಯಾನೇಜರ್ ತೆರೆದರೆ ಯಾವ ಗ್ರಾಫಿಕ್ಸ್, ಎಷ್ಟು ರ್‍ಯಾಮ್ ಎಂಬುದೆಲ್ಲ ಅಲ್ಲೇ ಕಾಣುತ್ತದೆ, ಮಾರಾಟಗಾರರ ಬಾಯಿಮಾತು ನಂಬಬೇಕಿಲ್ಲ. ರಿಪೇರಿಗೆ ಮನೆಗೇ ಬರುವ ಸೇವೆ ನಿಮ್ಮ ಪಿನ್‌ಕೋಡಿಗೆ ಇದೆಯೇ ಎಂದೂ ವಿಚಾರಿಸಿ. ಮಂಗಳೂರಿನ ಹಂಪನಕಟ್ಟೆಯಲ್ಲಿ ಕೊಂಡದ್ದಕ್ಕೆ ಬೈಂದೂರಿನಲ್ಲಿ ಸೇವೆ ಸಿಗಬೇಕೆಂದಿಲ್ಲ. ಸಾಮಾನ್ಯ ವಾರಂಟಿ ನೀರು ಹೊಕ್ಕ ಯಂತ್ರವನ್ನು ಒಪ್ಪುವುದಿಲ್ಲ. ನಮ್ಮ ಮಳೆಗೆ ಆಕಸ್ಮಿಕ ಹಾನಿಯ ರಕ್ಷಣೆ ಪ್ರತ್ಯೇಕವಾಗಿ ಮಾಡಿಸಿಕೊಂಡರೆ ನಷ್ಟವಿಲ್ಲ. ಸ್ವಂತ ವೃತ್ತಿಯವರು, ಜಿಎಸ್‌ಟಿ ನೋಂದಣಿ ಇದ್ದರೆ ಬಿಲ್ಲನ್ನು ಆ ಸಂಖ್ಯೆಗೇ ಮಾಡಿಸಲಿ. ಲ್ಯಾಪ್‌ಟಾಪಿಗೆ ತೆರಿಗೆ 18 ಪ್ರತಿಶತ, ತಾವು ಕಟ್ಟಬೇಕಾದ ಜಿಎಸ್‌ಟಿಗೆ ಅದನ್ನು ಹೊಂದಿಸಿಕೊಳ್ಳಬಹುದು, ಸಣ್ಣ ಮೊತ್ತವಲ್ಲ. ಕಂಪನಿಯೇ ಕೊಟ್ಟ ಯಂತ್ರವಾದರೆ ಮಾತ್ರ ಆಟದ ಆಸೆ ಬಿಡಿ. ವ್ಯಾಲೊರಂಟ್‌ನ ವಂಚನೆ ತಡೆಯುವ ತಂತ್ರಾಂಶ ವಿಂಡೋಸ್‌ನ ಆಳಕ್ಕೇ ಇಳಿಯುತ್ತದೆ, ಐಟಿ ವಿಭಾಗದವರು ಅದನ್ನು ನಗುತ್ತ ಸ್ವೀಕರಿಸುವುದಿಲ್ಲ.

ಮನೆಗೆ ತಂದ ಮೇಲೆ

ಹಳೆಯ ಮನೆಗಳಲ್ಲಿ ಎರಡು ಕಡ್ಡಿಯ ಪ್ಲಗ್ಗಿಗೆ ಸಿಕ್ಕಿಸಿದರೆ ಲೋಹದ ಮೈ ಮುಟ್ಟಿದಾಗ ಜುಮ್ಮೆನ್ನುವುದುಂಟು, ಅರ್ಥಿಂಗ್ ಇರುವ ಮೂರು ಕಡ್ಡಿಯ ಸಾಕೆಟ್ಟೇ ಇರಲಿ. ಇನ್ನು ಕರಾವಳಿಯ ಸೆಕೆ. ಎಸಿ ಕಚೇರಿಯಿಂದ ಹೊರಬಂದೊಡನೆ ಕನ್ನಡಕ ಮಬ್ಬಾಗುತ್ತದಲ್ಲವೇ? ತಣ್ಣಗಾದ ಲ್ಯಾಪ್‌ಟಾಪಿನ ಮೇಲೂ ಅದೇ ಪಸೆ ಕೂರುತ್ತದೆ. ಮನೆಗೆ ಬಂದವರೇ ಆಟಕ್ಕೆ ಕೂರಬೇಡಿ. ಚೀಲದ ಜಿಪ್ ತೆರೆಯದೆ ಹಾಗೆಯೇ ಇಟ್ಟು, ಕಾಲು ತೊಳೆದು, ಚಹಾ ಮುಗಿಸಿ, ಅರ್ಧ ಗಂಟೆ ಕಳೆದ ಮೇಲೆ ಹೊರತೆಗೆಯಿರಿ.