‘ಹಾರ್ಡ್’ ಮಳೆ, ‘ಹಾರ್ಡ್ಲಿ’ ಮಳೆ: ಒಂದು ಇಂಗ್ಲಿಷ್ ಪದವನ್ನು ಬಳಸುವ ಬಗೆ

‘ಸ್ಲೋ’ ಎಂಬುದಕ್ಕೆ ‘ಲಿ’ ಸೇರಿದರೆ ‘ಸ್ಲೋಲಿ’ ಆಗುತ್ತದೆ ಎಂದು ಶಾಲೆಯಲ್ಲಿ ಕಲಿತ ನಮಗೆ, ‘ಹಾರ್ಡ್’ ಎಂಬುದಕ್ಕೂ ಅದೇ ‘ಲಿ’ ಸೇರಿಸಿ ‘ಜೋರಾಗಿ’ ಎಂಬ ಅರ್ಥ ಪಡೆಯಬಹುದೆಂದು ತೋರುವುದು ಸಹಜ. ಹಳೆಯ ಇಂಗ್ಲಿಷಿನಲ್ಲಿ ಆ ಅರ್ಥ ಇದ್ದದ್ದೂ ನಿಜ. ಆದರೆ ಇಂದು ‘ಹಾರ್ಡ್ಲಿ’ ಎಂದರೆ ‘ಇಲ್ಲವೆನ್ನುವಷ್ಟು ಕಡಿಮೆ’. ಜೋರು ಎನ್ನಲು ‘ಹಾರ್ಡ್’ ಎಂಬ ರೂಪವೇ ಸಾಕು.

ಕೊಡಗಿನ ಕಾಫಿ ಬೆಳೆಗಾರರಿಗೆ ಈ ವ್ಯತ್ಯಾಸ ಸಣ್ಣದಲ್ಲ. ಕಾಫಿ ಗಿಡ ಹೂ ಬಿಡಲು ಬೇಕಾದ ಬೇಸಿಗೆಯ ಮಳೆ, ಅಂದರೆ ಹೂಮಳೆ, ಒಂದೂವರೆ ಇಂಚು ಬಿದ್ದಿದ್ದ ವರ್ಷ ನಾನು ವ್ಯಾಪಾರಿಯೊಬ್ಬರಿಗೆ ‘ಇಟ್ ಹಾರ್ಡ್ಲಿ ರೇನ್ಡ್’ ಎಂದು ಬರೆದೆ. ಹೂ ಕಟ್ಟಲಿಲ್ಲವೆಂದು ತಿಳಿದ ಅವರು ಗಾಬರಿಯಿಂದ ಫೋನ್ ಮಾಡಿದರು. ನಾನು ಬರೆಯಬೇಕಾಗಿದ್ದುದು ‘ಇಟ್ ರೇನ್ಡ್ ಹಾರ್ಡ್’. ಮಳೆ ಮಾಪಕದಲ್ಲಿ ಐದೇ ಸೆಂಟ್ (ಒಂದು ಇಂಚಿಗೆ ನೂರು ಸೆಂಟ್) ಕಂಡ ದಿನಕ್ಕಾದರೆ ನನ್ನ ಮೊದಲಿನ ವಾಕ್ಯವೇ ಸರಿಯಾಗುತ್ತಿತ್ತು.

ಈ ಪದದಲ್ಲಿಯೇ ನಿಷೇಧ ಅಡಗಿರುವುದರಿಂದ ಜೊತೆಗೆ ‘ನಾಟ್’ ಸೇರಿಸಬಾರದು: ‘ಐ ಕಾಂಟ್ ಹಾರ್ಡ್ಲಿ ಸೀ’ ಎನ್ನದೆ, ಮಂಜು ಕವಿದ ತಿರುವಿನಲ್ಲಿ ‘ಐ ಕ್ಯಾನ್ ಹಾರ್ಡ್ಲಿ ಸೀ ದಿ ರೋಡ್’ ಎನ್ನಬೇಕು. ಪದದ ಸ್ಥಾನವನ್ನೂ ಇಲ್ಲಿಯೇ ಗಮನಿಸಬಹುದು; ಅದು ‘ಕ್ಯಾನ್’ನಂಥ ಸಹಾಯಕ ಕ್ರಿಯಾಪದದ ನಂತರ, ಮುಖ್ಯ ಕ್ರಿಯಾಪದದ ಮೊದಲು ನಿಲ್ಲುತ್ತದೆ. ‘ಹಾರ್ಡ್ಲಿ ಎವರ್’ ಎಂದರೆ ತೀರಾ ಅಪರೂಪಕ್ಕೆ, ‘ಹಾರ್ಡ್ಲಿ ಎನಿವನ್’ ಎಂದರೆ ಯಾರೂ ಇಲ್ಲವೆನ್ನುವಷ್ಟು ವಿರಳ.

ನನಗೆ ಬಹಳ ಇಷ್ಟವಾದ ಬಳಕೆ ಇನ್ನೊಂದಿದೆ. ‘ನಾವು ಕುಶಾಲನಗರ ತಲುಪಿದ್ದೇ ತಡ, ಮಳೆ ಶುರುವಾಯಿತು’ ಎಂಬ ನಮ್ಮ ಮಾತಿನ ಆ ‘ತಲುಪಿದ್ದೇ ತಡ’ವನ್ನು ಇಂಗ್ಲಿಷಿಗೆ ತರಲು ಇದಕ್ಕಿಂತ ಒಪ್ಪುವ ಪದ ನನಗೆ ಸಿಕ್ಕಿಲ್ಲ: ‘ಹಾರ್ಡ್ಲಿ ಹ್ಯಾಡ್ ವಿ ರೀಚ್ಡ್ ಕುಶಾಲನಗರ ವೆನ್ ಇಟ್ ಬಿಗ್ಯಾನ್ ಟು ರೇನ್’. ‘ಹಾರ್ಡ್ಲಿ’ ವಾಕ್ಯದ ಮುಂದೆ ಬಂದಾಗ ‘ಹ್ಯಾಡ್’ ಎಂಬುದು ಕರ್ತೃವಾದ ‘ವಿ’ಗಿಂತ ಮೊದಲೇ ಬರಬೇಕು, ಎರಡನೆಯ ಭಾಗ ‘ವೆನ್’ನಿಂದ ಆರಂಭವಾಗಬೇಕು. ಅನೇಕರು ಅಲ್ಲಿ ‘ದ್ಯಾನ್’ ಬಳಸುತ್ತಾರೆ. ಅದು ‘ನೋ ಸೂನರ್’ ಜೊತೆಗೆ ಹೊಂದುವ ಪದವಾದ್ದರಿಂದ ಎಚ್ಚರಿಕೆಯ ಬರಹದಲ್ಲಿ ಇಲ್ಲಿ ಬೇಡ.

ಸಂದೇಹ ಬಂದಾಗ ‘ಹಾರ್ಡ್ಲಿ’ ಇರುವ ಜಾಗದಲ್ಲಿ ‘ಆಲ್ಮೋಸ್ಟ್ ನಾಟ್’ ಎಂದಿಟ್ಟು ಓದಿ ನೋಡಿ. ‘ದೇ ವರ್ಕ್ಡ್ ಹಾರ್ಡ್ಲಿ’ ಎಂದು ಬರೆದವರಿಗೆ, ಕೊಯ್ಲಿನಲ್ಲಿ ದಿನವಿಡೀ ದುಡಿದವರು ಕೆಲಸವನ್ನೇ ಮಾಡಲಿಲ್ಲವೆಂಬ ಅರ್ಥ ಹೊರಡುತ್ತಿರುವುದು ಆಗ ಕಣ್ಣಿಗೆ ಬೀಳುತ್ತದೆ.