ಮಾರುತಿ 800ಕ್ಕೆ ಎರಡು ಸಲ ಕ್ಯಾಮ್‌ಶಾಫ್ಟ್ ಬದಲಿಸಿದ ಅನುಭವ

ನನ್ನ ಬಳಿ ಇರುವ 1998ರ ಕಾರ್ಬ್ಯುರೇಟರ್ ಮಾರುತಿ 800 ಕಾರಿಗೆ ನಾನು ಎರಡು ಬಾರಿ ಕ್ಯಾಮ್‌ಶಾಫ್ಟ್ ಬದಲಿಸಿದ್ದೇನೆ. ಮೊದಲನೆಯದನ್ನು ನನ್ನ ಆಸೆ ಆರಿಸಿತ್ತು. ಎರಡನೆಯದನ್ನು ಅಳತೆ ಮಾಡಿ ಆರಿಸಿದೆ.

ಈ 796 ಸಿಸಿ ಇಂಜಿನ್ನಿನಲ್ಲಿ ಮೂರು ಸಿಲಿಂಡರ್, ಆರು ವಾಲ್ವ್ ಇವೆ. ಸಿಲಿಂಡರುಗಳ ಮೇಲೆ ಕೂರುವ ಹೆಡ್ಡಿನೊಳಗಿನ, ಉಬ್ಬುಗಳಿರುವ ಒಂದೇ ಕ್ಯಾಮ್‌ಶಾಫ್ಟ್ ಟೈಮಿಂಗ್ ಬೆಲ್ಟಿನಿಂದ ಪಿಸ್ಟನ್ನುಗಳು ತಿರುಗಿಸುವ ಕ್ರ್ಯಾಂಕ್ ದಂಡದ ಅರ್ಧ ವೇಗದಲ್ಲಿ ತಿರುಗುತ್ತಾ, ರಾಕರ್ ಎಂಬ ಸನ್ನೆಗಳ ಮೂಲಕ ವಾಲ್ವುಗಳನ್ನು ತೆರೆಯುತ್ತದೆ. ಕ್ಯಾಮಿನ ಉಬ್ಬು ಎತ್ತರವಾದರೆ ವಾಲ್ವ್ ಹೆಚ್ಚು ತೆರೆಯುತ್ತದೆ, ಅಗಲವಾದರೆ ಹೆಚ್ಚು ಹೊತ್ತು ತೆರೆದಿರುತ್ತದೆ. ನಾನು ಮೊದಲು ಹಾಕಿಸಿದ್ದು ಕ್ರ್ಯಾಂಕ್ 280 ಡಿಗ್ರಿ ತಿರುಗುವವರೆಗೆ ವಾಲ್ವನ್ನು ತೆರೆದಿಡುವ, ರೇಸಿಗೆ ಹೊಂದುವ ಕ್ಯಾಮ್. ಮೇಲಿನ ಆರ್‌ಪಿಎಮ್‌ನಲ್ಲಿ ಕಾರು ಚುರುಕಾಗಿಯೇ ಓಡಿತು, ಆದರೆ ಆಗುಂಬೆ ಘಾಟಿಯ ತಿರುವುಗಳಲ್ಲಿ ಎರಡನೇ ಗೇರಿನಲ್ಲಿ ಏದುಸಿರು ಬಿಟ್ಟು, ಪ್ರತಿ ಸಲವೂ ಮೊದಲನೇ ಗೇರಿಗೆ ಇಳಿಯಬೇಕಾಯಿತು. ಪೆಟ್ರೋಲ್-ಗಾಳಿ ಮಿಶ್ರಣವನ್ನು ಒಳಬಿಡುವ ಇಂಟೇಕ್ ವಾಲ್ವ್ ತಡವಾಗಿ ಮುಚ್ಚುವುದರಿಂದ, ನಿಧಾನಗತಿಯಲ್ಲಿ ಪಿಸ್ಟನ್ ಮೇಲೇರುವಾಗ ಒಳಗೆ ಬಂದ ಮಿಶ್ರಣದ ಒಂದು ಪಾಲು ಮರಳಿ ಮ್ಯಾನಿಫೋಲ್ಡಿಗೇ ಹೋಗುತ್ತದೆ. ಗೇಜ್ ಇಟ್ಟು ನೋಡಿದಾಗ ಕಂಪ್ರೆಶನ್ ಮೊದಲಿಗಿಂತ ಸುಮಾರು 15 ಪಿಎಸ್‌ಐ ಕಡಿಮೆ ಬಂದಿತ್ತು. ಸಾಲದ್ದಕ್ಕೆ ಹಳೆಯ ರಾಕರ್‌ಗಳನ್ನೇ ಮರಳಿ ಕೂರಿಸಿದ್ದೆ. ಹಳೆಯ ಕ್ಯಾಮಿಗೆ ಉಜ್ಜಿ ಉಜ್ಜಿ ಕುಳಿಬಿದ್ದಿದ್ದ ಅವುಗಳ ಮುಖ ಹೊಸ ಕ್ಯಾಮಿನ ಒಂದು ಉಬ್ಬನ್ನು ಸಾವಿರ ಕಿಲೋಮೀಟರಿನೊಳಗೆ ಸವೆಸಿಬಿಟ್ಟಿತು. ಅದು ಪೂರ್ತಿಯಾಗಿ ನನ್ನದೇ ತಪ್ಪು, ಕೆಲವು ನೂರು ರೂಪಾಯಿ ಉಳಿಸಲು ಹೋಗಿ ಆದದ್ದು.

ಎರಡನೇ ಸಲ 256 ಡಿಗ್ರಿಯ ಸೌಮ್ಯ ಕ್ಯಾಮ್ ಸಾಕೆಂದು ತೀರ್ಮಾನಿಸಿ, ಮೂಲ ಕ್ಯಾಮ್‌ಶಾಫ್ಟನ್ನೇ ಗ್ರೈಂಡ್ ಮಾಡಿಸಿದೆ. ಇಲ್ಲಿ ಉಬ್ಬಿಗೆ ಲೋಹ ಸೇರಿಸುವುದಿಲ್ಲ, ಅದರ ಕೆಳಗಿನ ವೃತ್ತವನ್ನು ತೆಳ್ಳಗೆ ಮಾಡುತ್ತಾರೆ. ಆದ್ದರಿಂದ ರಾಕರಿನ ತುದಿಯಲ್ಲಿ ವಾಲ್ವನ್ನು ಒತ್ತುವ ಟ್ಯಾಪೆಟ್ ಸ್ಕ್ರೂ ಇನ್ನಷ್ಟು ಹೊರಬಂದು ನಿಲ್ಲುತ್ತದೆ. ಅದರ ತುದಿ ವಾಲ್ವಿನ ನೆತ್ತಿಯ ನಡುವಿನಲ್ಲೇ ಒತ್ತುತ್ತದೆಯೇ ಎಂದು ಮಾರ್ಕರ್ ಶಾಯಿ ಹಚ್ಚಿ ತಿರುಗಿಸಿ ನೋಡಿದೆ. ವಾಲ್ವಿನ ಬಳಿ ಅಳೆದಾಗ ಲಿಫ್ಟ್, ಅಂದರೆ ವಾಲ್ವ್ ತೆರೆಯುವ ಎತ್ತರ, ಮೊದಲಿಗಿಂತ ಮುಕ್ಕಾಲು ಮಿಲಿಮೀಟರಿನಷ್ಟು ಹೆಚ್ಚಾಗಿತ್ತು. ಈ ಬಾರಿ ಆರೂ ರಾಕರ್‌ಗಳು ಹೊಸವು.

ಹೆಚ್ಚು ಸಮಯ ಹಿಡಿದದ್ದು ಕ್ಯಾಮ್ ಡಿಗ್ರಿ ಹಿಡಿಯುವ, ಅಂದರೆ ಕ್ರ್ಯಾಂಕಿನ ಯಾವ ಕೋನದಲ್ಲಿ ವಾಲ್ವ್ ಅತಿ ಹೆಚ್ಚು ತೆರೆಯುತ್ತದೆಂದು ಅಳೆದು ಹೊಂದಿಸುವ ಕೆಲಸ, ಮತ್ತು ಬಹುತೇಕ ಗ್ಯಾರೇಜುಗಳು ಬಿಟ್ಟುಬಿಡುವುದೂ ಇದನ್ನೇ. ಪುಲ್ಲಿಯ ಗುರುತು ಹೊಂದಿಸಿದರೆ ಆಯಿತಲ್ಲ ಎನ್ನುತ್ತಾರೆ. ಆ ಗುರುತು ಕಾರ್ಖಾನೆಯ ಕ್ಯಾಮಿಗೆ ಹಾಕಿದ್ದೇ ಹೊರತು ಗ್ರೈಂಡ್ ಆದ ಕ್ಯಾಮಿಗಲ್ಲ. ಕ್ರ್ಯಾಂಕಿಗೆ ಡಿಗ್ರಿ ಚಕ್ರ ಕಟ್ಟಿ, ಒಂದನೇ ಸಿಲಿಂಡರಿನ ಪ್ಲಗ್ ರಂಧ್ರದಲ್ಲಿ ಪಿಸ್ಟನ್ನನ್ನು ತಡೆಯುವ ಬೋಲ್ಟ್ ಇಟ್ಟು, ಕೈಯಿಂದ ನಿಧಾನವಾಗಿ ಎರಡೂ ದಿಕ್ಕಿನಲ್ಲಿ ತಿರುಗಿಸಿ, ನಿಂತ ಎರಡು ಜಾಗಗಳ ಸರಿ ನಡುವನ್ನು ಟಿಡಿಸಿ (ಪಿಸ್ಟನ್ ತೀರಾ ಮೇಲಿರುವ ಸ್ಥಾನ) ಎಂದು ಗುರುತಿಸಿಕೊಂಡೆ. ಬಳಿಕ ಬೋಲ್ಟ್ ತೆಗೆದು, ಇಂಟೇಕ್ ವಾಲ್ವಿನ ಮೇಲೆ ಡಯಲ್ ಗೇಜ್ ನಿಲ್ಲಿಸಿದೆ. ಉಬ್ಬಿನ ನೆತ್ತಿಯಲ್ಲಿ ಮುಳ್ಳು ಹಲವು ಡಿಗ್ರಿಗಳವರೆಗೆ ಅಲುಗದೇ ಇರುವುದರಿಂದ ನೆತ್ತಿಯನ್ನೇ ನೇರವಾಗಿ ಓದಲಾಗುವುದಿಲ್ಲ; ಅದಕ್ಕೂ ಮುಂಚೆ ಮತ್ತು ಅನಂತರ ಲಿಫ್ಟ್ ಒಂದೇ ಇರುವ ಎರಡು ಕಡೆ ಡಿಗ್ರಿ ಓದಿ ಸರಾಸರಿ ತೆಗೆಯಬೇಕು. ನೆತ್ತಿ ಬರಬೇಕೆಂದು ಗ್ರೈಂಡಿಂಗ್ ಮಾಡಿದವರು ಬರೆದುಕೊಟ್ಟಿದ್ದು ಟಿಡಿಸಿಯ ನಂತರ 108 ಡಿಗ್ರಿ. ನನಗೆ ಮೂರು ಸಲವೂ ಬಂದದ್ದು 113. ಹೆಡ್ಡಿಗೆ ಫೇಸಿಂಗ್ ಮಾಡಿಸಿ ತಳವನ್ನು ಅರ್ಧ ಮಿಲಿಮೀಟರ್ ಸವೆಸಿದ್ದರಿಂದ ಕ್ಯಾಮ್ ಕ್ರ್ಯಾಂಕಿಗೆ ಅಷ್ಟು ಹತ್ತಿರವಾಗಿ ಸುಮಾರು ಒಂದು ಡಿಗ್ರಿ ತಡವಾಗಿರಬೇಕು, ಉಳಿದದ್ದು ಗ್ರೈಂಡಿಂಗಿನ ವ್ಯತ್ಯಾಸ. ಬೆಲ್ಟನ್ನು ಒಂದು ಹಲ್ಲು ಸರಿಸಿದರೆ ಕ್ರ್ಯಾಂಕ್ ಲೆಕ್ಕದಲ್ಲಿ ಹತ್ತು ಡಿಗ್ರಿಗೂ ಹೆಚ್ಚು ಬದಲಾಗುವುದರಿಂದ ಅದು ದಾರಿಯಲ್ಲ. ಪುಲ್ಲಿಯನ್ನು ಕ್ಯಾಮಿಗೆ ಕೂರಿಸುವ ಪಿನ್ನಿನ ಬದಲು, ಕ್ಯಾಮ್ ಲೆಕ್ಕದಲ್ಲಿ ಎರಡೂವರೆ ಡಿಗ್ರಿ ಪಕ್ಕಕ್ಕೆ ಸರಿದ ಪಿನ್ನನ್ನು ಲೇತಿನಲ್ಲಿ ಮಾಡಿಸಿದೆ. ಮೊದಲ ಪಿನ್ನನ್ನು ನಾನೇ ತಿರುವುಮುರುವಾಗಿ ಹಾಕಿ 118 ಓದಿದಾಗ ನಗುವುದೋ ಅಳುವುದೋ ತಿಳಿಯಲಿಲ್ಲ.

ಹೆಡ್ಡನ್ನು ಕೊನೆಯದಾಗಿ ಕೂರಿಸುವ ಮೊದಲು, ಪಿಸ್ಟನ್ ಮೇಲೆ ಮಕ್ಕಳು ಆಡುವ ಬಣ್ಣದ ಜೇಡಿಯನ್ನು ಎಣ್ಣೆ ಸವರಿ ಅಂಟಿಸಿ, ಹೆಡ್ಡನ್ನು ತಾತ್ಕಾಲಿಕವಾಗಿ ಕೂರಿಸಿ, ಇಂಜಿನ್ನನ್ನು ಎರಡು ಸುತ್ತು ತಿರುಗಿಸಿ, ಹೆಡ್ ಬಿಚ್ಚಿ, ವಾಲ್ವ್ ಒತ್ತಿದ ಜಾಗವನ್ನು ಬ್ಲೇಡಿನಿಂದ ಸೀಳಿ ದಪ್ಪ ಅಳೆದೆ. ವಾಲ್ವಿಗೂ ಪಿಸ್ಟನ್ನಿಗೂ ನಡುವೆ ಇಂಟೇಕಿಗೆ 2, ಹೊಗೆ ಹೊರಬಿಡುವ ಎಕ್ಸಾಸ್ಟಿಗೆ 2.5 ಮಿಲಿಮೀಟರ್ ಕನಿಷ್ಠ ಅಂತರವಿರಬೇಕೆಂಬುದು ನಾನು ಪಾಲಿಸುವ ಲೆಕ್ಕ. ಎರಡರಲ್ಲೂ ಅದಕ್ಕಿಂತ ಹೆಚ್ಚೇ ಇತ್ತು. ವಾಲ್ವ್ ಪೂರ್ತಿ ತೆರೆದಾಗ ಸ್ಪ್ರಿಂಗಿನ ಸುತ್ತುಗಳು ಒಂದಕ್ಕೊಂದು ತಾಗುವುದಿಲ್ಲ, ಮೇಲಿನ ತಟ್ಟೆ ಆಯಿಲ್ ಸೀಲಿಗೆ ಬಡಿಯುವುದಿಲ್ಲ ಎಂಬುದನ್ನೂ ಖಚಿತಪಡಿಸಿಕೊಂಡೆ.

ಹೊಸ ಕ್ಯಾಮಿನ ಭವಿಷ್ಯ ನಿರ್ಧಾರವಾಗುವುದು ಮೊದಲ ಇಪ್ಪತ್ತು ನಿಮಿಷಗಳಲ್ಲಿ. ಉಬ್ಬುಗಳಿಗೆ ಮಾಲಿಬ್ಡಿನಮ್ ಪೇಸ್ಟ್ ಹಚ್ಚಿದ್ದೆ. ಸ್ಟಾರ್ಟರನ್ನು ಸುಮ್ಮನೆ ತಿರುಗಿಸುತ್ತಿದ್ದರೆ ಅದು ಒರೆಸಿಹೋಗುವುದರಿಂದ, ಕಾರ್ಬ್ಯುರೇಟರಿಗೆ ಮೊದಲೇ ಪೆಟ್ರೋಲ್ ತುಂಬಿಟ್ಟಿದ್ದೆ. ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ತಿರುಗುವುದೂ ಕ್ಯಾಮಿನಿಂದಲೇ. ಹಾಗಾಗಿ ಪಿನ್ ಸರಿಸಿದಷ್ಟೂ ಇಗ್ನಿಶನ್ ಬೇಗ ಆಗುತ್ತದೆ, ಅದನ್ನೂ ಮರುಹೊಂದಿಸಿದ್ದೆ. ಇಂಜಿನ್ ಶುರುವಾದ ಕೂಡಲೇ ಐಡಲಿಗೆ (ಆಕ್ಸಿಲರೇಟರ್ ಒತ್ತದ ನಿಧಾನ ಓಟಕ್ಕೆ) ಬಿಡದೆ 2000 ಆರ್‌ಪಿಎಮ್‌ನ ಆಸುಪಾಸಿನಲ್ಲಿ ಇಪ್ಪತ್ತು ನಿಮಿಷ ಓಡಿಸಿ, ಆಯಿಲ್ ಬದಲಿಸಿದೆ.

ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ಹಾಯುವ ಮುಖ್ಯ ಜೆಟ್ಟನ್ನು ಒಂದು ಸೈಜ್ ದೊಡ್ಡದು ಮಾಡಬೇಕಾಯಿತು. ಐಡಲ್ ಈಗ 950ರಲ್ಲಿ ನಿಲ್ಲುತ್ತದೆ, ಸ್ವಲ್ಪ ಕುಂಟುತ್ತದೆ. ಈ ವಯಸ್ಸಿನ ಕಾರುಗಳಿಗೆ ಹೊಗೆ ತಪಾಸಣೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಶೇ. 3ರ ಒಳಗಿರಬೇಕು; ಮೊದಲ ಕ್ಯಾಮಿನಲ್ಲಿ ಎರಡು ಸಲ ಹೋಗಿ ಮಿಶ್ರಣ ಸ್ಕ್ರೂ ತಿರುಗಿಸಿ ತಿರುಗಿಸಿ ಪಾಸಾಗಿದ್ದೆ, ಈಗ ಮೊದಲ ಸಲಕ್ಕೇ ಆಗುತ್ತದೆ. ಮೂಲ ಕ್ಯಾಮಿನ ಕಾಲಕ್ಕೆ ಹೋಲಿಸಿದರೆ 3000 ಆರ್‌ಪಿಎಮ್‌ನ ಕೆಳಗೆ ನನಗೆ ವ್ಯತ್ಯಾಸ ತಿಳಿಯುವುದಿಲ್ಲ. ಅದರ ಮೇಲೆ, ಹೆದ್ದಾರಿಯಲ್ಲಿ ಲಾರಿ ಹಿಂದಿಕ್ಕುವಾಗ, ಮೊದಲು ಸುಸ್ತಾಗುತ್ತಿದ್ದ ಇಂಜಿನ್ ಈಗ ಎಳೆಯುತ್ತಲೇ ಹೋಗುತ್ತದೆ. ಮೈಲೇಜು ಲೀಟರಿಗೆ ಒಂದು ಕಿಲೋಮೀಟರಿನಷ್ಟು ಇಳಿದಿದೆ. ಐನೂರು ಕಿಲೋಮೀಟರಿನ ಬಳಿಕ ಕವರ್ ಬಿಚ್ಚಿ ಟ್ಯಾಪೆಟ್ ಸ್ಕ್ರೂ ಮತ್ತು ವಾಲ್ವಿನ ನಡುವಿನ ಗ್ಯಾಪ್ ನೋಡಿದಾಗ ಆರರಲ್ಲಿ ಒಂದೇ ಒಂದು ಎಕ್ಸಾಸ್ಟ್ ವಾಲ್ವಿನ ಗ್ಯಾಪ್ ಕೂದಲೆಳೆಯಷ್ಟು ಬಿಗಿಯಾಗಿತ್ತು.